ಲಂಟಾನ ಕುರ್ಚಿ: ಕಾಡಿನಿಂದ ಮಣ್ಣಿನವರೆಗೆ ಒಂದು ವಿಮರ್ಶೆ

ಪುಸ್ತಕಗಳನ್ನು ನಾವು ವಿಮರ್ಶಿಸುತ್ತೇವೆ. ನಾಟಕ, ಸಂಗೀತ, ಚಲನಚಿತ್ರಗಳನ್ನೂ ವಿಮರ್ಶಿಸುತ್ತೇವೆ. ದಿನನಿತ್ಯ ಬಳಸುವ ವಸ್ತುಗಳನ್ನು ಮಾತ್ರ ಬೆಲೆ ಕೇಳಿ ಕೊಂಡುಬಿಡುತ್ತೇವೆ. ಅದರಲ್ಲೂ ವಸ್ತುವಿನ ಮೇಲೆ ‘ಪರಿಸರಸ್ನೇಹಿ’ ಎಂಬ ಪದವಿದ್ದರೆ ನಮ್ಮ ವಿಮರ್ಶಕ ಬುದ್ಧಿ ಅಲ್ಲಿಗೇ ವಿಶ್ರಾಂತಿ ಪಡೆಯುತ್ತದೆ. ಶಾಲಾ ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನಗಳನ್ನು ನೋಡಿದ್ದೀರಷ್ಟೆ. ‘ಕಸದಿಂದ ರಸ’ ಎಂಬ ಫಲಕದ ಕೆಳಗೆ ತೆಂಗಿನ ಚಿಪ್ಪಿನ ದೀಪ, ಬಾಳೆನಾರಿನ ಚೀಲ, ಹಳೆಯ ಬಾಟಲಿಯ ಹೂದಾನಿ ಇರುತ್ತವೆ. ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆ ‘ಇದನ್ನು ಯಾವುದರಿಂದ ಮಾಡಿದ್ದೀರಿ?’ ಎಂಬುದು. ಬಹುಪಾಲು ಸಂದರ್ಭಗಳಲ್ಲಿ ಕೊನೆಯ ಪ್ರಶ್ನೆಯೂ ಅದೇ.

ಆ ಒಂದು ಪ್ರಶ್ನೆ ಏಕೆ ಸಾಲದು ಎಂಬುದನ್ನು ನಮ್ಮ ಚಾಮರಾಜನಗರ ಜಿಲ್ಲೆಯದೇ ಆದ ಒಂದು ವಸ್ತುವನ್ನು ಮುಂದಿಟ್ಟುಕೊಂಡು ನೋಡೋಣ. ಆ ವಸ್ತು ಲಂಟಾನ ಕಡ್ಡಿಗಳಿಂದ ಮಾಡಿದ ಕುರ್ಚಿ.

ಕಳೆಯಿಂದ ಕುರ್ಚಿ

ಗುಂಡ್ಲುಪೇಟೆಯಿಂದ ಬಂಡೀಪುರದತ್ತಲೋ ಹಿಮವದ್ ಗೋಪಾಲಸ್ವಾಮಿ ಬೆಟ್ಟದತ್ತಲೋ ಹೋಗುವವರಿಗೆ ಲಂಟಾನವನ್ನು ಪರಿಚಯಿಸಬೇಕಾಗಿಲ್ಲ. ರಸ್ತೆಯಂಚಿನಲ್ಲಿ ಹಳದಿ, ಕೆಂಪು, ಗುಲಾಬಿ ಹೂಗೊಂಚಲುಗಳ ಮುಳ್ಳು ಪೊದೆ ಅದು. ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಈ ಗಿಡ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರ ಸಸ್ಯವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತಿದವು. ಎಲೆ ದನಕರುಗಳಿಗೆ ವಿಷ, ಹಾಗಾಗಿ ಮೇಯುವವರಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಹುಲಿಗಳಿರುವ ಕಾಡುಗಳ ಪೈಕಿ ಸುಮಾರು 1,54,000 ಚದರ ಕಿಲೋಮೀಟರ್, ಎಂದರೆ ಶೇಕಡಾ 40ಕ್ಕೂ ಹೆಚ್ಚು ಪ್ರದೇಶ, ಲಂಟಾನದ ಹಿಡಿತದಲ್ಲಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಗುರುತುಮಾಡಿದ ಜಾಗಗಳನ್ನು 1997ರಲ್ಲಿಯೂ 2008ರಲ್ಲಿಯೂ ಪರಿಶೀಲಿಸಿದಾಗ, ಲಂಟಾನ ಕಂಡುಬಂದ ಜಾಗಗಳ ಪ್ರಮಾಣ ಶೇಕಡಾ 41ರಿಂದ 81ಕ್ಕೆ ಏರಿತ್ತು. ಅದರ ಕೆಳಗೆ ಹುಲ್ಲು ಬೆಳೆಯದು, ಮರಗಳ ಸಸಿಗಳು ಮೇಲೇಳವು. ಬೇಸಗೆಯಲ್ಲಿ ಒಣಗಿದ ಪೊದೆಗಳು ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುವ ಏಣಿಯಾಗುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟದ್ದನ್ನು ಈ ಭಾಗದವರು ಮರೆತಿಲ್ಲ.

ಇಂತಹ ಕಳೆಯನ್ನು ಕುಶಲವಸ್ತುವಾಗಿಸುವ ಪ್ರಯತ್ನ ಜಿಲ್ಲೆಯ ಪೂರ್ವ ತುದಿಯಲ್ಲಿರುವ ಮಲೆ ಮಹದೇಶ್ವರ ಬೆಟ್ಟದಲ್ಲಿ 2000ರ ದಶಕದಲ್ಲಿ ಆರಂಭವಾಯಿತು. ಬೆಂಗಳೂರಿನ ‘ಏಟ್ರೀ’ ಪರಿಸರ ಸಂಶೋಧನ ಸಂಸ್ಥೆ ಸೋಲಿಗರಿಗೂ ಬಿದಿರಿನ ಬುಟ್ಟಿ ಹೆಣೆಯುತ್ತಿದ್ದ ಕುಟುಂಬಗಳಿಗೂ ಇದರಲ್ಲಿ ತರಬೇತಿ ನೀಡಿತು. ಲಂಟಾನದ ಉದ್ದ ಕಡ್ಡಿಗಳನ್ನು ಕತ್ತರಿಸಿ, ಪೀಪಾಯಿಯ ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ, ಮೊಳೆ ಹೊಡೆದು ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡುತ್ತಾರೆ. ನೋಡಲು ಬೆತ್ತದ ಪೀಠೋಪಕರಣದಂತೆಯೇ ಇರುತ್ತದೆ.

ಈ ಕುರ್ಚಿಯ ಗುಣಗಳನ್ನು ಮೊದಲು ಹೇಳಬೇಕು. ಇದಕ್ಕಾಗಿ ಯಾವ ಮರವನ್ನೂ ಉರುಳಿಸಬೇಕಾಗಿಲ್ಲ. ಬೆತ್ತ, ಬಿದಿರುಗಳ ಮೇಲಿನ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ. ಕೂಲಿ ಹುಡುಕಿಕೊಂಡು ಊರು ಬಿಡುವ ಕುಟುಂಬಕ್ಕೆ ಮನೆಯ ಬಳಿಯೇ ಕೈಕೆಲಸ ಸಿಗುತ್ತದೆ. ಕುರ್ಚಿಯ ಬೆಲೆಯಲ್ಲಿ ಹೆಚ್ಚು ಪಾಲು ಯಂತ್ರಕ್ಕೆ ಹೋಗದೆ ಕೈಗೆ ಹೋಗುತ್ತದೆ. ಇವು ಸಣ್ಣ ಗುಣಗಳಲ್ಲ. ಆದರೆ ‘ಕಳೆಯಿಂದ ಮಾಡಿದ್ದು, ಆದ್ದರಿಂದ ಪರಿಸರಕ್ಕೆ ಒಳ್ಳೆಯದು’ ಎಂಬ ತೀರ್ಮಾನ ಇಷ್ಟರಿಂದ ಸಿದ್ಧವಾಗುವುದಿಲ್ಲ.

ಹುಟ್ಟು, ಬಾಳು, ಕೊನೆ

ವಸ್ತುವೊಂದರ ಕಚ್ಚಾ ಸಾಮಗ್ರಿ ನೆಲದಿಂದ ಬಂದ ಕ್ಷಣದಿಂದ ಅದು ಮತ್ತೆ ಮಣ್ಣಿಗೋ ಕಸಕ್ಕೋ ಸೇರುವವರೆಗಿನ ಲೆಕ್ಕವನ್ನು ಒಟ್ಟಾಗಿ ನೋಡುವುದೇ ಜೀವನಚಕ್ರ ಚಿಂತನೆ. 1969ರಲ್ಲಿ ಕೋಕಾ ಕೋಲಾ ಕಂಪನಿ ಪಾನೀಯ ತುಂಬುವ ಬಗೆಬಗೆಯ ಪಾತ್ರೆಗಳನ್ನು ಹೋಲಿಸಲು ಅಮೆರಿಕದ ಸಂಸ್ಥೆಯೊಂದರಿಂದ ಮಾಡಿಸಿದ ಅಧ್ಯಯನವನ್ನು ಇದರ ಆರಂಭಗಳಲ್ಲಿ ಒಂದೆಂದು ಎಣಿಸುತ್ತಾರೆ. 1997ರಲ್ಲಿ ಬಂದ ಐಎಸ್‌ಓ 14040 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕೆ ಶಿಸ್ತು ತಂದಿತು. ಅದರಲ್ಲಿ ನಾಲ್ಕು ಹಂತಗಳಿವೆ: ಉದ್ದೇಶ ಮತ್ತು ಎಲ್ಲೆಗಳನ್ನು ನಿಗದಿಮಾಡುವುದು, ಒಳಬರುವ ಹೊರಹೋಗುವ ದ್ರವ್ಯ ಹಾಗೂ ಶಕ್ತಿಗಳ ಪಟ್ಟಿ ಮಾಡುವುದು, ಅವುಗಳ ಪರಿಣಾಮವನ್ನು ಅಂದಾಜಿಸುವುದು, ಕೊನೆಯಲ್ಲಿ ಅರ್ಥೈಸುವುದು.

ಇದರ ಜೀವಾಳ ಒಂದು ಸರಳ ಕಲ್ಪನೆ. ವಸ್ತುವನ್ನು ವಸ್ತುವಿನೊಡನೆ ಹೋಲಿಸಬಾರದು, ಅದು ಮಾಡುವ ಕೆಲಸವನ್ನು ಕೆಲಸದೊಡನೆ ಹೋಲಿಸಬೇಕು. ಇದನ್ನು ‘ಬಳಕೆಯ ಏಕಮಾನ’ ಎನ್ನೋಣ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಮ್ಮೆ ಮಾತ್ರ ಬಳಸುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ಭೂತಾಪದ ಲೆಕ್ಕದಲ್ಲಿ ಮೇಲಾಗಬೇಕಾದರೆ ಅದನ್ನು ಕನಿಷ್ಠ 131 ಬಾರಿ ಬಳಸಬೇಕು. ಸಮಾರಂಭಗಳಲ್ಲಿ ಹಂಚುವ ಬಟ್ಟೆಚೀಲಗಳು ಬೀರುವಿನಲ್ಲಿ ಮಡಿಸಿ ಕುಳಿತಿದ್ದರೆ ಆ ಹತ್ತಿಯ ಪುಣ್ಯ ಯಾರಿಗೂ ದಕ್ಕದು. ದನದ ಹೊಟ್ಟೆ, ಚರಂಡಿಗಳ ಲೆಕ್ಕ ಹಿಡಿದರೆ ಪ್ಲಾಸ್ಟಿಕ್ ಸೋಲುತ್ತದೆ ಎಂಬುದೂ ನಿಜವೇ. ಯಾವ ಅಂಕಣದ ಲೆಕ್ಕ ನೋಡುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಪೀಪಾಯಿಯ ಭೌತವಿಜ್ಞಾನ

ಈಗ ನಮ್ಮ ಕುರ್ಚಿಗೆ ಬರೋಣ. ಮುಂದಿನ ಅಂಕಿಗಳು ತರಗತಿಯ ಅಭ್ಯಾಸಕ್ಕಾಗಿ ನಾನು ಇಟ್ಟುಕೊಂಡ ಅಂದಾಜುಗಳು. ಯಾವುದೇ ಒಂದು ಕೇಂದ್ರದಲ್ಲಿ ಅಳೆದವಲ್ಲ. ವಿಧಾನ ಮುಖ್ಯ, ಅಂಕಿಗಳನ್ನು ನೀವು ಬದಲಿಸಿಕೊಳ್ಳಬಹುದು.

ಒಂದು ಪೀಪಾಯಿಯಲ್ಲಿ 150 ಲೀಟರ್ ನೀರು, 50 ಕಿಲೋಗ್ರಾಂ ಹಸಿ ಕಡ್ಡಿ ಇದೆ ಎನ್ನಿ. ತಾಪ 25 ಡಿಗ್ರಿ ಸೆಲ್ಸಿಯಸ್. ನೀರನ್ನು 100 ಡಿಗ್ರಿಗೆ ಏರಿಸಲು 150 × 4.2 × 75, ಎಂದರೆ ಸುಮಾರು 47 ಮೆಗಾಜೂಲ್ ಬೇಕು. ಹಸಿ ಕಡ್ಡಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 3 ಕಿಲೋಜೂಲ್ ಎಂದು ಹಿಡಿದರೆ ಕಡ್ಡಿಗೆ ಸುಮಾರು 11 ಮೆಗಾಜೂಲ್. ಎರಡು ಗಂಟೆ ತೆರೆದ ಬಾಯಲ್ಲಿ ಕುದಿಸುವಾಗ 10 ಲೀಟರ್ ನೀರು ಆವಿಯಾದರೆ ಅದಕ್ಕೆ 23 ಮೆಗಾಜೂಲ್. ಒಟ್ಟು 81 ಮೆಗಾಜೂಲ್.

ಇದು ಪೀಪಾಯಿಯ ಒಳಗೆ ಸೇರಬೇಕಾದ ಶಾಖ. ಮೂರು ಕಲ್ಲಿನ ಒಲೆಯ ದಕ್ಷತೆ ಶೇಕಡಾ 12 ಎಂದು ಹಿಡಿದರೆ ಸೌದೆಯಿಂದ 675 ಮೆಗಾಜೂಲ್ ಬರಬೇಕು. ಒಣ ಸೌದೆಯ ಒಂದು ಕಿಲೋಗ್ರಾಮಿನಿಂದ ಸುಮಾರು 15 ಮೆಗಾಜೂಲ್ ದೊರೆಯುತ್ತದೆ. ಅಂದರೆ 45 ಕಿಲೋಗ್ರಾಂ ಸೌದೆ! ಐವತ್ತು ಕಿಲೋ ಕಡ್ಡಿಯನ್ನು ಬೇಯಿಸಲು ಹತ್ತಿರಹತ್ತಿರ ಅಷ್ಟೇ ತೂಕದ ಸೌದೆ. ಆ ಕಡ್ಡಿಯಿಂದ ಎರಡು ಕುರ್ಚಿ ಆಗುತ್ತವೆ ಎಂದುಕೊಂಡರೆ, ಒಂದು ಕುರ್ಚಿಯ ಪಾಲಿಗೆ ಸುಮಾರು 22 ಕಿಲೋಗ್ರಾಂ ಸೌದೆ, 337 ಮೆಗಾಜೂಲ್ ಶಕ್ತಿ.

ಈಗ ಅಹಿತವಾದ ಒಂದು ಹೋಲಿಕೆ ಮಾಡೋಣ. ಎರಡೂವರೆ ಕಿಲೋಗ್ರಾಂ ತೂಕದ ಪ್ಲಾಸ್ಟಿಕ್ ಕುರ್ಚಿಗೆ ಬೇಕಾದ ಪಾಲಿಪ್ರೊಪಿಲೀನ್ ತಯಾರಿಸಲು, ಕಿಲೋಗ್ರಾಮಿಗೆ 75 ಮೆಗಾಜೂಲ್‌ನಂತೆ, ಸುಮಾರು 188 ಮೆಗಾಜೂಲ್ ಬೇಕು. ಅಚ್ಚು ಹಾಕುವ ಹಾಗೂ ಸಾಗಿಸುವ ಶಕ್ತಿ ಸೇರಿಸಿದರೆ ಇನ್ನೂರನ್ನು ದಾಟಬಹುದು. ಕೇವಲ ಶಕ್ತಿಯ ಅಂಕಣವನ್ನು ನೋಡಿದರೆ, ಮೂರು ಕಲ್ಲಿನ ಒಲೆಯ ಮೇಲೆ ಹುಟ್ಟಿದ ನಮ್ಮ ‘ಹಸಿರು’ ಕುರ್ಚಿ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಸೋಲುತ್ತದೆ.

ಇದರಿಂದ ಪ್ಲಾಸ್ಟಿಕ್ ಗೆದ್ದಿತು ಎಂದು ಹೇಳಬೇಡಿ. ಪ್ಲಾಸ್ಟಿಕ್ಕಿನ ಶಕ್ತಿ ಪಳೆಯುಳಿಕೆ ಇಂಧನದ್ದು, ಒಲೆಯದು ಸೌದೆಯದು. ಕುರ್ಚಿಗೆ ಬಾರದ ಲಂಟಾನದ ಚೂರುಗಳನ್ನೇ ಒಣಗಿಸಿ ಉರಿಸಿದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಆದರೆ ಕಾಡಿನ ಮರದ ಸೌದೆಯನ್ನು ಉರಿಸಿದರೆ ‘ಒಂದು ಮರವನ್ನೂ ಉರುಳಿಸಿಲ್ಲ’ ಎಂಬ ಮಾತು ಒಲೆಯಲ್ಲಿಯೇ ಸುಟ್ಟುಹೋಗುತ್ತದೆ. ಒಲೆಯ ಮುಂದೆ ಕುಳಿತವರ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುವ ಹೊಗೆ ಯಾವ ಬೆಲೆಚೀಟಿಯಲ್ಲಿಯೂ ಕಾಣುವುದಿಲ್ಲ.

ವಿನ್ಯಾಸಕಾರನ ಕೆಲಸ ಆರಂಭವಾಗುವುದು ಇಲ್ಲಿಂದ. ಭೌತವಿಜ್ಞಾನ ಅವನಿಗೆ ಮೂರು ಸೂಚನೆಗಳನ್ನು ಕೊಡುತ್ತದೆ. ಒಂದು: ನೀರು ಕುದಿಯತೊಡಗಿದ ಮೇಲೆ ಬೆಂಕಿ ಹೆಚ್ಚಿಸಿದರೆ ತಾಪ ಏರದು, ಆವಿ ಮಾತ್ರ ಹೆಚ್ಚುತ್ತದೆ. ಒದ್ದೆ ಕಟ್ಟಿಗೆಯಲ್ಲಿರುವ ಲಿಗ್ನಿನ್ ನೂರು ಡಿಗ್ರಿಯೊಳಗೇ ಮೆದುವಾಗತೊಡಗುತ್ತದೆ; ಕಡ್ಡಿ ಬಗ್ಗುವುದು ಅದರಿಂದ. ಆದುದರಿಂದ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಸಾಕು. ಎರಡು: ಒಲೆಯ ದಕ್ಷತೆಯನ್ನು ಹೆಚ್ಚಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ತತ್ವ ನಮ್ಮ ಅಧ್ಯಾಪಕರಿಗೆ ಹೊಸದಲ್ಲ. ಮೂರು: ಬಿಸಿನೀರನ್ನು ಚೆಲ್ಲದೆ ಮುಂದಿನ ಕಂತಿಗೆ ಉಳಿಸಿಕೊಳ್ಳಬೇಕು.

ಮುಚ್ಚಳದಿಂದ ಆವಿ 3 ಲೀಟರಿಗೆ ಇಳಿದು, ದಕ್ಷತೆ ಶೇಕಡಾ 30ಕ್ಕೆ ಏರಿದರೆ ಮೊದಲ ಕಂತಿಗೆ 14.5 ಕಿಲೋಗ್ರಾಂ ಸೌದೆ ಸಾಕು. ನೀರು 80 ಡಿಗ್ರಿಯಲ್ಲಿ ಉಳಿದಿರುವಾಗಲೇ ಹಾಕುವ ಮುಂದಿನ ಕಂತುಗಳಿಗೆ ತಲಾ 7 ಕಿಲೋಗ್ರಾಂ. ದಿನಕ್ಕೆ ಮೂರು ಕಂತು ಬೇಯಿಸಿದರೆ ಹಳೆಯ ರೀತಿಯಲ್ಲಿ 135 ಕಿಲೋಗ್ರಾಂ. ಹೊಸ ರೀತಿಯಲ್ಲಿ ಸುಮಾರು 28 ಕಿಲೋಗ್ರಾಂ. ಒಂದು ಕುರ್ಚಿಯ ಪಾಲು 70 ಮೆಗಾಜೂಲ್ ಆಸುಪಾಸಿಗೆ ಇಳಿಯಿತು. ಕುರ್ಚಿಯ ರೂಪ ಒಂದಿಷ್ಟೂ ಬದಲಾಗಲಿಲ್ಲ. ಕೊಳ್ಳುವವನ ಕಣ್ಣಿಗೆ ಕಾಣದ ಒಂದು ಮುಚ್ಚಳ, ಒಂದು ಒಲೆ ಅದರ ಯೋಗ್ಯತೆಯನ್ನು ಬದಲಿಸಿದವು.

ದಾರಿ ಮತ್ತು ಬಾಳಿಕೆ

‘ಬೆಟ್ಟದಿಂದ ಬೆಂಗಳೂರಿಗೆ ಸಾಗಿಸುವ ಡೀಸೆಲ್ಲಿನ ಗತಿಯೇನು?’ ಎಂದು ನೀವು ಕೇಳುತ್ತೀರಿ. ದೂರ ಸುಮಾರು 210 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಓಡುವ ಸಣ್ಣ ಸರಕು ವಾಹನ 40 ಕುರ್ಚಿ ಹೊತ್ತು ಹೋಗಿ ಖಾಲಿ ಮರಳಿದರೆ 35 ಲೀಟರ್ ಡೀಸೆಲ್. ಒಂದು ಕುರ್ಚಿಗೆ ಒಂದು ಲೀಟರಿಗೂ ಕಡಿಮೆ. ಸುಮಾರು 31 ಮೆಗಾಜೂಲ್. ಮೊದಲ ಒಲೆಯ ಲೆಕ್ಕದ ಮುಂದೆ ಇದು ಹತ್ತನೆಯ ಒಂದು ಪಾಲು. ನಾವು ಬೊಟ್ಟು ಮಾಡುವ ಲಾರಿಗಿಂತ ಗಮನಿಸದ ಒಲೆ ದೊಡ್ಡದಾಗಿತ್ತು.

ಆದರೆ ಒಲೆ ಸುಧಾರಿಸಿದ ಮೇಲೆ ಸಾಗಣೆಯ ಪಾಲು ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು ಒಂದರೊಳಗೊಂದು ಕೂರುತ್ತವೆ. ಲಂಟಾನ ಕುರ್ಚಿಗಳು ಕೂರುವುದಿಲ್ಲ. ವಾಹನ ಹೊತ್ತೊಯ್ಯುವುದು ಹೆಚ್ಚಾಗಿ ಗಾಳಿಯನ್ನು. ಕಾಲು, ಬೆನ್ನು, ಆಸನಗಳನ್ನು ಬಿಡಿಯಾಗಿ ಸಾಗಿಸಿ ಜೋಡಿಸುವಂತಿದ್ದರೆ ಅದೇ ವಾಹನದಲ್ಲಿ ಎರಡು ಪಟ್ಟು ಕುರ್ಚಿ ಹಿಡಿಯಬಹುದು. ಒಂದು ದೋಷವನ್ನು ತಿದ್ದಿದಾಗ ಇನ್ನೊಂದು ಮುಂದೆ ಬರುತ್ತದೆ. ಜೀವನಚಕ್ರ ವಿಶ್ಲೇಷಣೆಯನ್ನು ಒಮ್ಮೆ ಮಾಡಿ ಮುಗಿಸಲಾಗದು ಎನ್ನುವುದು ಇದಕ್ಕೇ.

ಇನ್ನು ಬಾಳಿಕೆ. ನಮ್ಮ ಬಳಕೆಯ ಏಕಮಾನ ‘ಒಬ್ಬರಿಗೆ ಒಂದು ವರ್ಷ ಕೂರುವ ಸೌಕರ್ಯ’ ಎಂದಿರಲಿ. 188 ಮೆಗಾಜೂಲಿನ ಪ್ಲಾಸ್ಟಿಕ್ ಕುರ್ಚಿ ಐದು ವರ್ಷ ಬಾಳಿದರೆ ವರ್ಷಕ್ಕೆ 38. ಸುಧಾರಿತ ಲಂಟಾನ ಕುರ್ಚಿಯದು ಒಲೆ, ಸಾಗಣೆ ಸೇರಿ ಸುಮಾರು 100 ಮೆಗಾಜೂಲ್. ಹತ್ತು ವರ್ಷ ಬಾಳಿದರೆ ವರ್ಷಕ್ಕೆ 10. ಆದರೆ ಮೊಳೆ ಹೊಡೆದ ಕಡೆ ಸೀಳಿ, ಮೂರೇ ವರ್ಷಕ್ಕೆ ಮೂಲೆ ಸೇರಿದರೆ 33. ಆಗ ಗೆಲುವು ಹೆಸರಿಗೆ ಮಾತ್ರ. ಆದುದರಿಂದ ಮೊಳೆಯ ಬದಲು ಬಿಚ್ಚಿ ಕಟ್ಟಬಹುದಾದ ಜೋಡಣೆ, ಒಂದು ಕಡ್ಡಿ ಮುರಿದರೆ ಅದೊಂದನ್ನೇ ಬದಲಿಸುವ ಅವಕಾಶ ಅಲಂಕಾರಕ್ಕಿಂತ ಮುಖ್ಯವಾಗುತ್ತವೆ. ಕೊನೆಗಾಲದಲ್ಲಿಯೂ ಇದೇ ಮಾತು. ಬರಿಯ ಕಡ್ಡಿ ಮಣ್ಣಾಗುತ್ತದೆ. ದಪ್ಪ ವಾರ್ನಿಷ್ ಬಳಿದು ಮೊಳೆ ತುಂಬಿದ ಕಡ್ಡಿ ಮಣ್ಣಿಗೂ ಬಾರದು, ಒಲೆಗೂ ತಕ್ಕದ್ದಲ್ಲ.

ಬೇರಿನ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕುರ್ಚಿ ಹುಟ್ಟಿದ ಜಾಗದಲ್ಲಿಯೇ ಇದೆ. ‘ಒಂದು ಕುರ್ಚಿ ಕೊಂಡರೆ ಕಾಡನ್ನು ಅಷ್ಟು ಉಳಿಸಿದಂತೆ’ ಎಂಬ ಭಾವನೆ ಕೊಳ್ಳುವವರಲ್ಲಿದೆ. ಲೆಕ್ಕ ಹಾಕೋಣ. ಕುರ್ಚಿಗೆ 25 ಕಿಲೋಗ್ರಾಂ ಹಸಿ ಕಡ್ಡಿಯಂತೆ ಸಾವಿರ ಕುರ್ಚಿಗೆ 25 ಟನ್. ಚದರ ಮೀಟರಿಗೆ ಒಂದು ಕಿಲೋಗ್ರಾಂ ಯೋಗ್ಯ ಕಡ್ಡಿ ಸಿಗುತ್ತದೆ ಎಂದುಕೊಂಡರೆ ಎರಡೂವರೆ ಹೆಕ್ಟೇರ್. ಬಂಡೀಪುರ ರಾಷ್ಟ್ರೀಯ ಉದ್ಯಾನವೊಂದರ ವಿಸ್ತಾರವೇ ಸುಮಾರು 870 ಚದರ ಕಿಲೋಮೀಟರ್, ಅಂದರೆ 87,000 ಹೆಕ್ಟೇರ್. ಅಂಕಿಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಚಿತ್ರ ಬದಲಾಗದು.

ಇದಕ್ಕಿಂತ ಮುಖ್ಯವಾದದ್ದು ಬೇರು. ಕುರ್ಚಿಗೆ ಬೇಕಾದದ್ದು ನೇರವಾದ ಉದ್ದ ಕಡ್ಡಿ. ಅದನ್ನಷ್ಟೇ ಕತ್ತರಿಸಿದರೆ ಬುಡದಿಂದ ಹೊಸ ಚಿಗುರು ಇನ್ನಷ್ಟು ದಟ್ಟವಾಗಿ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಪ್ರಚುರಪಡಿಸಿದ ವಿಧಾನದಲ್ಲಿ, ಮಣ್ಣಿನ ಮೇಲ್ಮೈಯಿಂದ ಕೆಲವು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಇಡುತ್ತಾರೆ. ನಂತರ ಬೀಜದಿಂದ ಹುಟ್ಟುವ ಸಸಿಗಳನ್ನು ಕಿತ್ತು, ಸ್ಥಳೀಯ ಹುಲ್ಲು ಗಿಡಗಳನ್ನು ಬೆಳೆಸುತ್ತಾರೆ. ಕುರ್ಚಿಯ ಬೆಲೆಯಲ್ಲಿ ಬೇರು ಕೀಳುವ ಕೂಲಿ ಸೇರಿದೆಯೇ? ಸೇರಿಲ್ಲದಿದ್ದರೆ ನಾವು ಕೊಳ್ಳುತ್ತಿರುವುದು ಕಡ್ಡಿಯ ಕೊಯ್ಲನ್ನೇ ಹೊರತು ಕಾಡಿನ ಚೇತರಿಕೆಯನ್ನಲ್ಲ. ಕೊಯ್ಲು ಲಾಭದಾಯಕವಾದಷ್ಟೂ ಮುಂದಿನ ವರ್ಷವೂ ಲಂಟಾನ ಇರಲಿ ಎಂಬ ಆಸೆ ಮಾರುಕಟ್ಟೆಗೆ ಹುಟ್ಟುವ ಅಪಾಯವೂ ಉಂಟು.

ಇಲ್ಲಿ ಸೋಲಿಗರ ಮಾತಿಗೆ ಕಿವಿಗೊಡಬೇಕು. ಮೊದಲು ತಾವು ಹಾಕುತ್ತಿದ್ದ ‘ತರಗು ಬೆಂಕಿ’ ಎಂಬ ನೆಲದ ಸಣ್ಣ ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಒಂದು ಕಾರಣ ಎಂಬುದು ಅವರ ಅಭಿಪ್ರಾಯ. ಸಂಶೋಧಕರು ಅದನ್ನು ದಾಖಲಿಸಿದ್ದಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಇನ್ನೊಂದೆಡೆ, ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಿಂದ ತೆಗೆದ ಅರಣ್ಯೋತ್ಪನ್ನವನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ. ಯಾರು ಕೊಯ್ಯಬಹುದು, ಎಲ್ಲಿ ಕೊಯ್ಯಬಹುದು ಎಂಬುದೂ ಒಂದು ವಸ್ತುವಿನ ವಿನ್ಯಾಸದ ಭಾಗವೇ. ನಕ್ಷೆಯ ಹಾಳೆಯಲ್ಲಿ ಮಾತ್ರ ಅದಕ್ಕೆ ಜಾಗವಿರುವುದಿಲ್ಲ.

ಒಂದು ಸಿಲಿಂಡರಿನ ಪಾಠ

ಸಾಮಗ್ರಿಯ ಹೆಸರು ಎಷ್ಟು ದಾರಿ ತಪ್ಪಿಸಬಹುದು ಎಂಬುದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಒಂದು ವಿರುದ್ಧ ಉದಾಹರಣೆ ಇದೆ. 2000ರ ದಶಕದ ಆರಂಭದಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಸೇನಾನಿ ಮತ್ತು ಗೆಳೆಯರು ‘ನಮ್ಮ ಸಂಘ’ದ ಮೂಲಕ ಬಂಡೀಪುರದ ಸುತ್ತಲಿನ ಹಳ್ಳಿಗಳ ಮನೆಗಳಿಗೆ ಅಡುಗೆ ಅನಿಲ ತಲುಪಿಸಲು ತೊಡಗಿದರು. ಅನಿಲ ಪಳೆಯುಳಿಕೆ ಇಂಧನ. ಹೆಸರಿನಲ್ಲಿ ಹಸಿರೇನೂ ಇಲ್ಲ. ಆದರೆ 14.2 ಕಿಲೋಗ್ರಾಮಿನ ಒಂದು ಸಿಲಿಂಡರಿನಲ್ಲಿ ಸುಮಾರು 650 ಮೆಗಾಜೂಲ್ ಶಕ್ತಿಯಿದೆ. ಒಲೆಯ ದಕ್ಷತೆ ಶೇಕಡಾ 60 ಎಂದರೆ ಪಾತ್ರೆಗೆ 390 ತಲುಪುತ್ತದೆ. ಅಷ್ಟೇ ಶಾಖವನ್ನು ಶೇಕಡಾ 12 ದಕ್ಷತೆಯ ಸೌದೆ ಒಲೆಯಿಂದ ಪಡೆಯಲು ಎರಡು ಕ್ವಿಂಟಾಲಿಗೂ ಹೆಚ್ಚು ಸೌದೆ ಬೇಕು. ಒಂದು ಸಿಲಿಂಡರ್ ಸುಮಾರು 42 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ, ನಿಜ. ಅದೇ ಸಿಲಿಂಡರ್ ಎರಡು ಕ್ವಿಂಟಾಲ್ ಸೌದೆಯನ್ನು ಕಾಡಿನಲ್ಲಿ ಉಳಿಸುತ್ತದೆ. ಹೊರೆ ಹೊತ್ತು ಆನೆಯ ದಾರಿಯಲ್ಲಿ ನಡೆಯುವ ಹೆಂಗಸಿನ ದಿನವನ್ನೂ ಉಳಿಸುತ್ತದೆ. ಯಾವುದು ಹಸಿರು ಎಂಬ ಪ್ರಶ್ನೆಗೆ ಬಣ್ಣ ನೋಡಿ ಉತ್ತರ ಹೇಳಲಾಗದು.

ತೀರ್ಪು

ಹಾಗಾದರೆ ಲಂಟಾನ ಕುರ್ಚಿಯ ಬಗ್ಗೆ ಏನು ಹೇಳೋಣ? ಜೀವನೋಪಾಯವಾಗಿ ಅದು ಒಳ್ಳೆಯ ವಸ್ತು. ಬೆತ್ತ, ಮರಗಳಿಗೆ ಬದಲಿಯಾಗಿಯೂ ಒಳ್ಳೆಯದು. ಶಕ್ತಿಯ ಲೆಕ್ಕದಲ್ಲಿ ಅದರ ಯೋಗ್ಯತೆ ಕಡ್ಡಿಯಲ್ಲಿಲ್ಲ, ಒಲೆಯಲ್ಲಿದೆ, ಜೋಡಣೆಯಲ್ಲಿದೆ. ಕಾಡಿನ ಚಿಕಿತ್ಸೆಯಾಗಿ ಅದು ಒಬ್ಬಂಟಿಯಾಗಿ ನಿಲ್ಲಲಾರದು. ಬೇರು ಕೀಳುವ, ಹುಲ್ಲು ಬೆಳೆಸುವ ಕೆಲಸದ ಜೊತೆಗಾರನಾಗಿ ಮಾತ್ರ ನಿಲ್ಲಬಲ್ಲದು. ಅದನ್ನು ಮಾಡುವವರನ್ನು ನಾವು ಗೌರವಿಸುವುದಾದರೆ ಹೊಗಳಿಕೆಯ ಜೊತೆಗೆ ಒಳ್ಳೆಯ ಒಲೆ, ಒಳ್ಳೆಯ ಜೋಡಣೆ, ಬೇರಿನ ಕೂಲಿ ಸೇರಿದ ಬೆಲೆ ಇವನ್ನೂ ಕೊಡಬೇಕು.

ಅಧ್ಯಾಪಕ ಮಿತ್ರರೇ, ಮುಂದಿನ ವಸ್ತುಪ್ರದರ್ಶನದಲ್ಲಿ ಪ್ರತಿ ಮಾದರಿಯ ಪಕ್ಕದಲ್ಲಿಯೂ ಒಂದು ಹಾಳೆ ಇಡಿಸಿ. ಅದರಲ್ಲಿ ಐದೇ ಸಾಲು ಸಾಕು: ಎಲ್ಲಿಂದ ಬಂತು, ಮಾಡುವಾಗ ಎಷ್ಟು ನೀರು ಮತ್ತು ಇಂಧನ ಹಿಡಿಯಿತು, ಎಷ್ಟು ದೂರ ಸಾಗಿತು, ಎಷ್ಟು ಕಾಲ ಬಾಳುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ. ತಕ್ಕಡಿ, ಉಷ್ಣತಾಮಾಪಕ, ಗಡಿಯಾರ ಇದ್ದರೆ ಚಾಮರಾಜನಗರದ ಯಾವ ಪ್ರೌಢಶಾಲೆಯಲ್ಲಿಯೂ ಎರಡನೆಯ ಸಾಲನ್ನು ಅಳೆದು ಬರೆಯಬಹುದು. ಮಧ್ಯಾಹ್ನದ ಬಿಸಿಯೂಟಕ್ಕೆ ಬಳಸುವ ತಟ್ಟೆಯಿಂದಲೇ ಆರಂಭಿಸಿ. ಸ್ಟೀಲ್ ತಟ್ಟೆ ತೊಳೆಯಲು ಹಿಡಿಯುವ ನೀರೆಷ್ಟು, ಮುತ್ತುಗದ ಎಲೆ ಎಷ್ಟು ದೂರದಿಂದ ಬರಬೇಕು ಎಂದು ಮಕ್ಕಳೇ ವಾದಿಸಲಿ. ಆ ವಾದ ಅಂಕಿಗಳ ಮೇಲೆ ನಡೆದ ದಿನ ಸುಸ್ಥಿರ ವಿನ್ಯಾಸದ ಮೊದಲ ಪಾಠ ಮುಗಿದಿರುತ್ತದೆ.